ನಮ್ಮ ಹಳ್ಳದ ದಂಡೆಗೆ ನೀರವಂಜಿ

ನೀರಿನ ದಂಡೆಯಲ್ಲಿ ಬೆಳೆಯುವ ಮರ ನೀರವಂಜಿ. ಅದರ ಕೊಂಬೆಯನ್ನು ಒದ್ದೆ ಮಣ್ಣಿಗೆ ಊರಿದರೆ ಸಾಕು, ಬೇರು ಬಿಡುತ್ತದೆ. ಆದರೆ ಅದು ಹಳ್ಳದಲ್ಲಿ ತಾನಾಗಿಯೇ ಹುಟ್ಟಿ ಹಬ್ಬಬೇಕಾದರೆ ಇನ್ನೂ ಒಂದಿಷ್ಟು ಕೆಲಸವಿದೆ. ಮಲೆನಾಡಿನ ನಮ್ಮ ತೋಟದ ಅಂಚಿನಲ್ಲಿ ಹರಿಯುವ ಹಳ್ಳದಲ್ಲಿ ನಾನು ಕೈಹಾಕಿದ್ದು ಆ ಕೆಲಸಕ್ಕೆ.

ಸಸ್ಯಶಾಸ್ತ್ರದಲ್ಲಿ ಇದು ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ. ಕ್ರಿಕೆಟ್ ಬ್ಯಾಟಿಗೆ ಕಾಶ್ಮೀರದಲ್ಲಿ ಬೆಳೆಸುವ ವಿಲೋ ಇದರದೇ ಕುಲದ್ದು. ಆ ಕುಲದ ಹೆಚ್ಚಿನವು ಚಳಿನಾಡಿನವು. ಇದು ಮಾತ್ರ ನಮ್ಮ ಬಿಸಿಲಿನ ಹೊಳೆದಂಡೆಗೂ ಒಗ್ಗಿಕೊಂಡಿದೆ. ದೇಶದ ಲೆಕ್ಕದಲ್ಲಿ ಅಪರೂಪವಲ್ಲದಿದ್ದರೂ ನಮ್ಮ ಸುತ್ತಿನ ಹಳ್ಳಗಳಲ್ಲಿ ಹುಡುಕಿಯೇ ನೋಡಬೇಕು.

ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದೇ ಮರದಿಂದ ಕಡಿದ ಗೂಟಗಳೆಲ್ಲ ಒಂದೇ ಲಿಂಗದವಾಗುತ್ತವೆ. ದಂಡೆಯೆಲ್ಲ ಹಸಿರಾದರೂ ಬೀಜ ಕಟ್ಟುವುದಿಲ್ಲ. ಹಾಗಾಗಿ ಹೂವಿನ ಕಾಲದಲ್ಲೇ ಮರಗಳನ್ನು ಗುರುತಿಸಿಟ್ಟೆ. ಗಂಡಿನ ಜೋಲುವ ಹೂಗೊಂಚಲು ಕೇಸರಗಳಿಂದ ಹಳದಿಯಾಗಿರುತ್ತದೆ. ಹೆಣ್ಣಿನದು ಹಸಿರು; ಕಾಯಿ ಒಡೆದಾಗ ಬಿಳಿ ಅರಳೆ ಹಾರುತ್ತದೆ. ಎಲೆಯ ಅಡಿಭಾಗ ಬೂದಿ ಬಳಿದಂತೆ ಬೆಳ್ಳಗಿರುವುದರಿಂದ ಗಾಳಿ ಬೀಸಿದಾಗ ದೂರದಿಂದಲೇ ಮರದ ಗುರುತು ಸಿಗುತ್ತದೆ.

ಮಳೆಗಾಲದ ಸೆಳವು ಇಳಿದ ಮೇಲೆ ಹೆಬ್ಬೆರಳು ದಪ್ಪದ, ಮೊಳದುದ್ದದ ತುಂಡುಗಳನ್ನು ಕಡಿದೆ. ಎಲೆ ಸವರಿ, ಬುಡವನ್ನು ಓರೆಯಾಗಿ ಕತ್ತರಿಸಿ, ಮುಕ್ಕಾಲು ಪಾಲು ಮಣ್ಣಿನೊಳಗೆ ಇಳಿಯುವಂತೆ, ನೀರು ಹರಿಯುವ ದಿಕ್ಕಿಗೆ ತುಸು ವಾಲಿಸಿ ನೆಟ್ಟೆ. ಹೀಗೆ ನೆಟ್ಟರೆ ಮುಂದಿನ ಮಳೆಯೊಳಗೆ ಬೇರು ಆಳಕ್ಕಿಳಿಯಲು ಸಮಯ ಸಿಗುತ್ತದೆ. ಗಂಡು, ಹೆಣ್ಣು ಬೆರೆಸಿ ನೆಟ್ಟು, ಸಾಧ್ಯವಾದಷ್ಟೂ ಬೇರೆ ಬೇರೆ ಮರಗಳಿಂದ ತುಂಡು ತಂದೆ. ದನ ಮೇಯದಂತೆ ಮುಳ್ಳು ಕಟ್ಟುವುದನ್ನು ಮರೆಯಬಾರದು, ಚಿಗುರೆಂದರೆ ಅವಕ್ಕೆ ಪ್ರಾಣ.

ನೆಡುವುದಕ್ಕಿಂತ ನನಗೆ ಮುಖ್ಯವೆನಿಸಿದ್ದು ಮರಳು. ನೀರವಂಜಿಯ ಬೀಜ ಬಹಳ ದಿನ ಜೀವ ಹಿಡಿದಿರುವುದಿಲ್ಲ. ಹಾರಿದ ಕೂಡಲೇ ಒದ್ದೆಯಾದ, ಬಯಲಾದ ಮರಳೋ ಮೆಕ್ಕಲೋ ಸಿಗಬೇಕು. ಮೇಲೆ ನೆರಳು, ಹುಲ್ಲು ಇರಬಾರದು. ಪ್ರವಾಹ ಪ್ರತಿವರ್ಷ ತಿರುವುಗಳಲ್ಲಿ ಇಂಥ ಜಾಗವನ್ನು ಹಾಸಿ ಹೋಗುತ್ತದೆ. ಮರಳು ಎತ್ತಿದರೆ, ದಂಡೆಗೆ ಸಿಮೆಂಟ್ ಗೋಡೆ ಕಟ್ಟಿದರೆ ಆ ತೊಟ್ಟಿಲೇ ಇಲ್ಲವಾಗುತ್ತದೆ. ನಮ್ಮ ಕಡೆಯ ತಿರುವಿನಲ್ಲಿ ಗೋಡೆಯ ಯೋಚನೆಯನ್ನು ಕೈಬಿಟ್ಟು, ಕೊರೆತವಿದ್ದಲ್ಲಿ ವಾಟೆ ಬಿದಿರು, ಕೇದಗೆ ಜಾತಿಯ ಮುಂಡುಗ, ಹೊಂಗೆಗಳನ್ನು ನೀರವಂಜಿಯ ಜೊತೆಗೇ ಬೆಳೆಯಲು ಬಿಟ್ಟಿದ್ದೇನೆ. ಆಚೆ ದಡದ ತೋಟದವರೂ ತಮ್ಮ ಬದಿಯ ಮರಳನ್ನು ಮುಟ್ಟುವುದಿಲ್ಲವೆಂದು ಒಪ್ಪಿಕೊಂಡಿದ್ದಾರೆ.