ನಿಂತ ಟ್ರಾಮ್ ಕೇಳುವ ವಿದ್ಯುತ್ತು

ಕೊಲ್ಲಿಯ ಒಂದು ನಗರದಲ್ಲಿ ಟ್ರಾಮ್ ಮಾರ್ಗದ ವಿದ್ಯುತ್ ವಿನ್ಯಾಸ ಮಾಡುವ ತಂಡದಲ್ಲಿ ನಾನಿದ್ದೆ. ಹಳೆಯ ಪೇಟೆಯನ್ನು ಹಾಯುವ, ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಭಾಗದಲ್ಲಿ ಟ್ರಾಮಿಗೆ ವಿದ್ಯುತ್ ಕೊಡುವ ಮೇಲ್ತಂತಿ ಎಳೆಯಬಾರದು ಎಂದು ಮೊದಲೇ ತೀರ್ಮಾನವಾಗಿತ್ತು. ಅದಕ್ಕೆ ಬದಲು ಏನು ಎಂದು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಫ್ರಾನ್ಸಿನ ಬೋರ್ಡೋ ನಗರ 2003ರಲ್ಲೇ ನೆಲದಿಂದ ವಿದ್ಯುತ್ ಕೊಟ್ಟು ಟ್ರಾಮ್ ಓಡಿಸಿತು. ಎರಡು ಹಳಿಗಳ ನಡುವೆ ಮೂರನೆಯದೊಂದು ಹಳಿ. 8 ಮೀಟರ್ ಉದ್ದದ ಅದರ ತುಂಡುಗಳಿಗೆ, ಟ್ರಾಮ್ ಮೇಲಿದ್ದಾಗ ಮಾತ್ರ ವಿದ್ಯುತ್ ಹರಿಯುತ್ತದೆ. ಉಳಿದ ಹೊತ್ತು ಅದರ ಮೇಲೆ ಜನ ನಿಶ್ಚಿಂತೆಯಿಂದ ನಡೆಯಬಹುದು. 2014ರಲ್ಲಿ ಓಡಲಾರಂಭಿಸಿದ ದುಬೈ ಟ್ರಾಮ್ ಕೂಡ ಇದನ್ನೇ ಬಳಸಿತು. ಫ್ರಾನ್ಸಿನದೇ ನೀಸ್ ನಗರ 2007ರಲ್ಲಿ ಟ್ರಾಮನ್ನು ಎರಡು ಚೌಕಗಳಲ್ಲಿ ಬ್ಯಾಟರಿಯಿಂದ ದಾಟಿಸಿತು. ಮೂರನೆಯ ದಾರಿ ಸೂಪರ್‌ಕೆಪಾಸಿಟರ್‌ನದು, ಅಂದರೆ ಬೇಗ ತುಂಬುವ, ಆದರೆ ಬ್ಯಾಟರಿಗಿಂತ ಕಡಿಮೆ ವಿದ್ಯುತ್ ಹಿಡಿಯುವ ಸಾಧನದ್ದು. ನಿಲ್ದಾಣದಲ್ಲಿ ಜನ ಹತ್ತಿಳಿಯುವಷ್ಟರಲ್ಲಿ ಅದು ತುಂಬಿಕೊಳ್ಳುತ್ತದೆ.

ಮೊದಲು ಓಟದ ಲೆಕ್ಕ ಹಿಡಿದೆ. ಜನ ತುಂಬಿ 60 ಟನ್ ತೂಗುವ ಟ್ರಾಮ್ ಗಂಟೆಗೆ 40 ಕಿಲೋಮೀಟರ್ ವೇಗ ಪಡೆಯಲು ಹೆಚ್ಚುಕಡಿಮೆ 1 ಯೂನಿಟ್ ವಿದ್ಯುತ್ ಸಾಕು. ಬ್ರೇಕ್ ಹಾಕಿದಾಗ ಅದರಲ್ಲಿ ಒಂದು ಪಾಲು ಮರಳಿ ಬರುತ್ತದೆ. ಇಷ್ಟಕ್ಕಾದರೆ ಸೂಪರ್‌ಕೆಪಾಸಿಟರ್ ಧಾರಾಳವಾಯಿತು.

ಆದರೆ ಅಲ್ಲಿಯ ಬೇಸಿಗೆ ನಲವತ್ತೈದು ಡಿಗ್ರಿಯದು. ಏಸಿ, ದೀಪ, ಇತರ ಉಪಕರಣಗಳೆಲ್ಲ ಸೇರಿ 60 ಕಿಲೋವಾಟ್ ಎಂದು ಹಿಡಿದೆವು. ಮುಂದೆ ಲಾರಿಯೊಂದು ಕೆಟ್ಟು ನಿಂತು ಟ್ರಾಮ್ ಹತ್ತು ನಿಮಿಷ ಕದಲದಿದ್ದರೆ 10 ಯೂನಿಟ್ ಖಾಲಿ. ಓಟಕ್ಕಿಂತ ನಿಲುಗಡೆಯೇ ದುಬಾರಿ! ಈ ಲೆಕ್ಕವನ್ನು ತಂಡದ ಮುಂದಿಟ್ಟಾಗ, ಟ್ರಾಮ್ ಸಿಕ್ಕಿಬಿದ್ದರೆ ಏಸಿ ಆರಿಸಿಬಿಡೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ತೆರೆಯಲಾಗದ ಗಾಜುಗಳ ಹಿಂದೆ ವೃದ್ಧರೂ ಮಕ್ಕಳೂ ಕುಳಿತಿರುತ್ತಾರೆ. ಅವರನ್ನು ಬೇಯಿಸಿ ಬ್ಯಾಟರಿ ಉಳಿಸುವುದು ಎಂಜಿನಿಯರಿಂಗ್ ಅಲ್ಲ.

ನೆಲದ ಹಳಿಯಾದರೆ ಈ ಚಿಂತೆಯೇ ಇಲ್ಲ, ನಿಂತಷ್ಟು ಹೊತ್ತೂ ವಿದ್ಯುತ್ ಸಿಗುತ್ತದೆ. ಮಾರ್ಗ ಉದ್ದವಾಗಿದ್ದಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಇಷ್ಟು ಚಿಕ್ಕ ಭಾಗಕ್ಕಾಗಿ ರಸ್ತೆಯಡಿ ಸಾಲಾಗಿ ಸ್ವಿಚ್ ಪೆಟ್ಟಿಗೆಗಳನ್ನು ಹೂಳುವುದು, ಅವುಗಳಿಗೆ ನೀರು ನುಗ್ಗದಂತೆ ಕಾಯುವುದು ಹೊರೆ ಎನಿಸಿತು. ಹಾಗಾಗಿ ಲಿಥಿಯಂ ಬ್ಯಾಟರಿಯ ಪರವಾಗಿ ಬರೆದೆ. ನಿಲುಗಡೆಗೆ 10, ಓಟಕ್ಕೆ ಧಾರಾಳವಾಗಿ 3, ಒಟ್ಟು 13 ಯೂನಿಟ್. ಸವೆದು ಐದರಲ್ಲಿ ಒಂದು ಪಾಲು ಸಾಮರ್ಥ್ಯ ಕಳೆದುಕೊಂಡ ಮೇಲೂ ಇಷ್ಟು ಸಿಗಬೇಕು, ಬಾಳಿಕೆಗಾಗಿ ಶೇ. 60ರಷ್ಟನ್ನೇ ಬಳಸಬೇಕು. ಹೀಗೆ ಅಂಕಿ 27ಕ್ಕೆ ಏರಿತು. ಚಾವಣಿಯ ಮೇಲೆ ಬಿಸಿಲಿಗೆ ಕಾಯುವ ಬ್ಯಾಟರಿಗೂ ತಂಪು ಬೇಕು, ಅದರ ಖರ್ಚು ಬೇರೆ.

ಇನ್ನೊಂದು ಸೂಕ್ಷ್ಮ ಚಾರ್ಜಿಂಗ್‌ನದು. ನಿಂತ ಟ್ರಾಮ್ ಮಾಮೂಲಿ ತಂತಿಯಿಂದ ಭಾರಿ ಕರೆಂಟ್ ಎಳೆದರೆ ಪ್ಯಾಂಟೋಗ್ರಾಫ್ (ಚಾವಣಿಯಿಂದ ಮೇಲೆದ್ದು ತಂತಿಯಿಂದ ವಿದ್ಯುತ್ ಪಡೆಯುವ ತೋಳು) ತಾಗಿದ ಜಾಗವೊಂದೇ ಕಾದು ತಂತಿ ಮೆತ್ತಗಾಗುತ್ತದೆ. ಅದಕ್ಕಾಗಿ ಎರಡೂ ತುದಿಯ ನಿಲ್ದಾಣಗಳಲ್ಲಿ ತಂತಿಯ ಬದಲು ದಪ್ಪನೆಯ ಲೋಹದ ಪಟ್ಟಿ ಇರಲೇಬೇಕೆಂದು ಟೆಂಡರಿನಲ್ಲಿ ಸೇರಿಸಿದೆ. ಹತ್ತು ನಿಮಿಷದ ನಿಲುಗಡೆಯ ಪರೀಕ್ಷೆಯನ್ನು ಆಗಸ್ಟ್ ತಿಂಗಳ ಮಧ್ಯಾಹ್ನವೇ ಮಾಡಿ ತೋರಿಸಬೇಕೆಂಬ ಷರತ್ತನ್ನೂ ಹಾಕಿದೆ.