ಮೆಡಿಟರೇನಿಯನ್ ದ್ವೀಪದಲ್ಲಿ ಬಾಡಿಗೆ ಕಾರು: ಮೈಸೂರು, ಮಂಡ್ಯ ಕಡೆಯಿಂದ ಹೊರಡುವವರಿಗೆ

ದ್ವೀಪ ಆರಿಸುವ ಮುಂಚೆಯೇ ಒಂದು ವಿಷಯ ನೋಡಿಕೊಳ್ಳಿ: ಅಲ್ಲಿ ಗಾಡಿ ಓಡುವುದು ರಸ್ತೆಯ ಯಾವ ಮಗ್ಗುಲಲ್ಲಿ? ಸೈಪ್ರಸ್, ಮಾಲ್ಟಾ ಎರಡೂ ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಅಲ್ಲಿ ಇವತ್ತಿಗೂ ನಮ್ಮ ಹಾಗೆಯೇ ಎಡಗಡೆ ಸಂಚಾರ, ಬಲಗಡೆ ಸ್ಟೀರಿಂಗ್. ಕ್ರೀಟ್, ಸಿಸಿಲಿ, ಸಾರ್ಡೀನಿಯಾ, ಕಾರ್ಸಿಕಾ, ಮಯೋರ್ಕಾ ಎಲ್ಲ ಕಡೆ ಬಲಗಡೆ. ಹೊರದೇಶದಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿಯುವವರು, ಅದರಲ್ಲೂ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ, ಸೈಪ್ರಸ್ಸಿಗೆ ಹೋಗುವುದೇ ಒಳ್ಳೆಯದು. ರಸ್ತೆ ಅಗಲ, ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ. ಮಾಲ್ಟಾ ಚಿಕ್ಕದು, ದಟ್ಟಣೆ ಹೆಚ್ಚು. ಅಲ್ಲಿ ಬಸ್ಸಿನಲ್ಲೇ ಬಹುಪಾಲು ಓಡಾಡಿ, ಒಂದೆರಡು ದಿನಕ್ಕೆ ಮಾತ್ರ ಕಾರು ತೆಗೆದುಕೊಂಡರೆ ಸಾಕು.

ಇನ್ನು ಕಾಗದಪತ್ರ. ನಮ್ಮ ಡಿಎಲ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಮಾಡಿಸಿಕೊಳ್ಳಿ. ಪರಿವಾಹನ್ ಸಾರಥಿ ಜಾಲತಾಣದಲ್ಲಿ ನಮೂನೆ 4ಎ ತುಂಬಬೇಕು, ಶುಲ್ಕ 1,000 ರೂಪಾಯಿ. ಅರ್ಜಿ ಹೋಗುವುದು ನೀವು ವಾಸವಿರುವ ಊರಿನ ಆರ್‌ಟಿಓಗೆ: ಮೈಸೂರು ಪಶ್ಚಿಮ ಕೆಎ-09, ಪೂರ್ವ ಕೆಎ-55, ಮಂಡ್ಯ ಕೆಎ-11. ಅರ್ಜಿಗೆ ವೀಸಾ ಇರಲೇಬೇಕೆಂಬ ನಿಯಮವನ್ನು 2021ರಲ್ಲಿ ತೆಗೆದಿದ್ದಾರೆ, ಹಾಗಾಗಿ ಕಾಯದೆ ಬೇಗನೆ ಅರ್ಜಿ ಹಾಕಿಬಿಡಿ. ಐಡಿಪಿಯ ಅವಧಿ ಹೆಚ್ಚೆಂದರೆ ಒಂದು ವರ್ಷ. ಅದಕ್ಕೆ ಮುಂಚೆ ಡಿಎಲ್ ಅವಧಿ ಮುಗಿದರೆ ಐಡಿಪಿಯೂ ಅಲ್ಲಿಗೇ ಮುಗಿಯಿತು. ಡಿಎಲ್ ಇಲ್ಲದ ಬರೀ ಐಡಿಪಿಗೆ ಬೆಲೆಯಿಲ್ಲ. ಎರಡರ ಮೂಲಪ್ರತಿಯೂ ಕೈಯಲ್ಲಿರಬೇಕು. ಫೋನಿನಲ್ಲಿ ತೋರಿಸುವ ಡಿಜಿಲಾಕರ್ ಅಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ತೊಂದರೆ ಕೊಡುವುದು ಇನಿಷಿಯಲ್. ಡಿಎಲ್‌ನಲ್ಲಿ ಹೆಸರಿನ ಮುಂದೆ ‘ಎಂ.ಎನ್.’ ಅಂತ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಬ್ಯಾಂಕ್ ಕಾರ್ಡಿನಲ್ಲಿ ಮೂರನೆಯ ರೂಪ. ಕೌಂಟರಿನಲ್ಲಿರುವವರಿಗೆ ಇದು ಮೂರು ಜನರ ಹೆಸರಿನಂತೆ ಕಾಣುತ್ತದೆ. ಬುಕಿಂಗ್ ಮಾಡುವಾಗ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಹಾಕಿ. ವ್ಯತ್ಯಾಸ ದೊಡ್ಡದಿದ್ದರೆ ಐಡಿಪಿಗೆ ಮುಂಚೆ ಡಿಎಲ್‌ನಲ್ಲೇ ಹೆಸರು ತಿದ್ದಿಸಿ.

ಬುಕಿಂಗ್ ದರಕ್ಕಿಂತ ಮುಖ್ಯವಾದದ್ದು ಕ್ರೆಡಿಟ್ ಕಾರ್ಡು. ಕಾರು ಕೊಡುವಾಗ ಕಂಪನಿ ಒಂದು ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತದೆ. 1,200 ಯೂರೋ ಠೇವಣಿ ಇದ್ದು, ಯೂರೋಗೆ 100 ರೂಪಾಯಿ ಅಂತ ಲೆಕ್ಕ ಹಿಡಿದರೂ 1,20,000 ರೂಪಾಯಿ ಆಯಿತು. ಅಷ್ಟು ಮಿತಿ ಖಾಲಿ ಇರಬೇಕು, ಅದೂ ಓಡಿಸುವವರ ಹೆಸರಿನ ಕಾರ್ಡಿನಲ್ಲೇ. ಬಹಳಷ್ಟು ಕಂಪನಿಗಳು ಡೆಬಿಟ್ ಕಾರ್ಡಾಗಲಿ ಫಾರೆಕ್ಸ್ ಕಾರ್ಡಾಗಲಿ ಠೇವಣಿಗೆ ಒಪ್ಪುವುದಿಲ್ಲ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ನಾವೇ ಆನ್ ಮಾಡಬೇಕು, ಅದರ ಮಿತಿಯನ್ನೂ ಏರಿಸಬೇಕು, ಮನೆಯಲ್ಲೇ ಮಾಡಿಕೊಳ್ಳಿ. ಪಿನ್ ನೆನಪಿರಲಿ. ಕಾರ್ಡು ಉಜ್ಜುವ ಯಂತ್ರ ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆ ದರ ಅವರದ್ದು, ನಷ್ಟ ನಿಮ್ಮದು.

ಬುಕಿಂಗ್‌ನಲ್ಲಿ ‘ಇನ್ಶೂರೆನ್ಸ್ ಸೇರಿದೆ’ ಎಂದಿದ್ದರೆ ಸಾಮಾನ್ಯವಾಗಿ ಅದು ಸಿಡಿಡಬ್ಲ್ಯು, ಅಂದರೆ ಕಾರಿಗಾದ ಹಾನಿಯ ಹೊಣೆಯನ್ನು ಭಾಗಶಃ ಇಳಿಸುವ ಕರಾರು (ಕೊಲಿಷನ್ ಡ್ಯಾಮೇಜ್ ವೇವರ್). ಅದರಲ್ಲಿ ಒಂದು ಮಿತಿಯವರೆಗಿನ ಹಾನಿಯನ್ನು ನೀವೇ ಭರಿಸಬೇಕು. ಠೇವಣಿ ಹಿಡಿಯುವುದೇ ಅದಕ್ಕೆ. ಮಿತಿಯನ್ನು ಸೊನ್ನೆಗಿಳಿಸುವ ಹೆಚ್ಚುವರಿ ರಕ್ಷಣೆ ದುಬಾರಿಯಾದರೂ ಮೊದಲ ಸಲ ಹೋಗುವವರು ಕೊಳ್ಳಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಸಹಿಗೆ ಮುಂಚೆ ನಾಲ್ಕು ಪದ ಹುಡುಕಿ: ಟೈರು, ಗಾಜು, ಚಾಸಿಯ ತಳಭಾಗ, ಕೀಲಿ. ಇವನ್ನು ಹೊರಗಿಟ್ಟಿರುವುದೇ ಹೆಚ್ಚು. ಯುರೋಪಿನಲ್ಲಿ ಮಾರುವ ಅಗ್ಗದ ಪ್ರತ್ಯೇಕ ಪಾಲಿಸಿಗಳು ಬಹುಪಾಲು ಅಲ್ಲಿಯ ನಿವಾಸಿಗಳಿಗೆ ಮಾತ್ರ. ಭಾರತದ ವಿಳಾಸಕ್ಕೆ ಅನ್ವಯಿಸುತ್ತದೆಯೇ ಓದಿಯೇ ಕೊಳ್ಳಿ.

ಆಟೋಮ್ಯಾಟಿಕ್ ಬೇಕಿದ್ದರೆ ಮೊದಲೇ ಕೇಳಬೇಕು, ಅಗ್ಗದ ಕಾರುಗಳು ಹೆಚ್ಚಾಗಿ ಮ್ಯಾನುಯಲ್. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಚಿಕ್ಕ ಕಾರಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ದೇಶ ನೋಡಿ 135 ಅಥವಾ 150 ಸೆಂ.ಮೀ. ಎತ್ತರದವರೆಗೆ ಮಕ್ಕಳ ಸೀಟು ಕಡ್ಡಾಯ, ಬುಕಿಂಗ್‌ನಲ್ಲೇ ಸೇರಿಸಿ.

ಕಾರು ಕೈಗೆ ಬಂದಾಗ ಹತ್ತು ನಿಮಿಷ ಅಲ್ಲೇ ನಿಲ್ಲಿ. ಪ್ರಯಾಣದ ಆಯಾಸ, ಮಕ್ಕಳ ಹಸಿವು ಎಲ್ಲ ಇರುತ್ತದೆ, ಆದರೂ ನಿಲ್ಲಿ. ಚಾಲಕನ ಬಾಗಿಲಿನಿಂದ ಶುರು ಮಾಡಿ ಒಂದು ಸುತ್ತು ವೀಡಿಯೊ ತೆಗೆಯುತ್ತಾ ಬನ್ನಿ. ಪ್ರತಿ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ರಿಮ್ಮಿನ ಅಂಚು ನೋಡಿ: ಬೆಳ್ಳಿ ಬಣ್ಣ ಕಿತ್ತು ಒಳಗಿನ ಲೋಹ ಒರಟಾಗಿ ಕಾಣುತ್ತಿದ್ದರೆ ಅದು ಯಾರೋ ಫುಟ್‌ಪಾತಿಗೆ ಉಜ್ಜಿದ್ದು. ಬಂಪರಿನ ಕೆಳ ಮೂಲೆ, ಕನ್ನಡಿಯ ಹಿಂಭಾಗ, ಮುಂದಿನ ಗಾಜಿನಲ್ಲಿ ಕಲ್ಲು ಸಿಡಿದ ಚುಕ್ಕೆ, ಬಾಗಿಲ ಅಂಚು ನೋಡಿ. ಗೀರು ಕಂಡರೆ ಉಗುರು ಆಡಿಸಿ. ಉಗುರು ತಡೆದರೆ ಬಣ್ಣ ಹೋಗಿದೆ, ಅದನ್ನು ಹಾನಿ ಪಟ್ಟಿಯಲ್ಲಿ ಬರೆಸಿ, ಸಿಬ್ಬಂದಿಯ ಸಹಿ ಹಾಕಿಸಿ. ಇಂಧನದ ಮುಳ್ಳು, ಓಡಿದ ಕಿಲೋಮೀಟರು ಎರಡೂ ಒಂದೇ ಫೋಟೋದಲ್ಲಿ ಬರಲಿ. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ನೋಡಿ; ಈಗಿನ ಎಷ್ಟೋ ಕಾರುಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ.

ಸೈಪ್ರಸ್ಸಿನ ಹೆದ್ದಾರಿಯಲ್ಲಿ ಗರಿಷ್ಠ ವೇಗ 100, ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಷ್ಟೇ. ಆದರೆ ಅಲ್ಲಿ 65ಕ್ಕಿಂತ ನಿಧಾನವಾಗಿಯೂ ಹೋಗುವಂತಿಲ್ಲ. ಊರೊಳಗೆ 50. ಸರ್ಕಲ್ಲುಗಳ ಊರಾದ ಮೈಸೂರಿನವರಿಗೆ ವೃತ್ತ ಹೊಸತಲ್ಲ, ಹೊಸತೆಂದರೆ ಕಾಯುವುದು: ಒಳಗೆ ಸುತ್ತುತ್ತಿರುವ ಗಾಡಿ ಬಲದಿಂದ ಬರುತ್ತಿದ್ದರೆ ಗೆರೆಯ ಹಿಂದೆಯೇ ನಿಲ್ಲಬೇಕು. ಇಲ್ಲಿ ಮಾಡುವಂತೆ ಮೂತಿ ತೂರಿಸಿದರೆ ಅವರು ಬ್ರೇಕ್ ಹಾಕುವುದಿಲ್ಲ, ನಿಮಗೆ ಗುದ್ದುತ್ತಾರೆ. ಸೈಪ್ರಸ್ಸನ್ನು ಉತ್ತರ, ದಕ್ಷಿಣ ಎಂದು ಎರಡು ಭಾಗ ಮಾಡಿರುವ ಹಸಿರು ರೇಖೆಯನ್ನು ದಾಟಿ ಉತ್ತರಕ್ಕೆ ಹೋದರೆ ದಕ್ಷಿಣದ ಬಾಡಿಗೆ ಕಾರಿನ ವಿಮೆ ಅನ್ವಯಿಸದು. ದಾಟಲು ಬಿಡುತ್ತಾರೆಯೇ ಎಂದು ಕಂಪನಿಯನ್ನು ಕೇಳಿ. ಮಾಲ್ಟಾದಿಂದ ಪಕ್ಕದ ಗೋಜೋ ದ್ವೀಪಕ್ಕೆ ಕಾರು ಹಡಗಿನಲ್ಲಿ ಹೋಗುತ್ತದೆ, ಹೋಗುವಾಗ ಟಿಕೆಟ್ ಇಲ್ಲ, ಹಣ ಕಟ್ಟುವುದು ವಾಪಸು ಬರುವಾಗ.

ಬಲಗಡೆ ಓಡಿಸುವ ದ್ವೀಪಕ್ಕೇ ಹೋಗುವುದಾದರೆ, ಪೆಡಲುಗಳ ಕ್ರಮ ಬದಲಾಗುವುದಿಲ್ಲ: ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್. ಗೇರು ಬಲಗೈಗೆ ಬರುತ್ತದೆ, ಇಂಡಿಕೇಟರ್ ಎಡಗೈಗೆ. ಒಂದು ಸೂತ್ರ ಎರಡೂ ಕಡೆ ನಿಜ: ಓಡಿಸುವವನ ಭುಜ ಸದಾ ರಸ್ತೆಯ ನಡುಗೆರೆಯ ಕಡೆಗೇ ಇರಬೇಕು. ತಪ್ಪಾಗುವುದು ದಟ್ಟಣೆಯಲ್ಲಲ್ಲ, ಖಾಲಿ ರಸ್ತೆಯಲ್ಲಿ. ಬೆಳಗ್ಗೆ ಹೋಟೆಲಿನಿಂದ ಹೊರಬರುತ್ತೀರಿ, ಮುಂದೆ ಯಾವ ಗಾಡಿಯೂ ಇಲ್ಲ, ಎಡಕ್ಕೆ ತಿರುಗಬೇಕು. ಕೈ ತನ್ನಷ್ಟಕ್ಕೆ ಹತ್ತಿರದ ಎಡ ಮಗ್ಗುಲಿಗೆ ಎಳೆಯುತ್ತದೆ, ಎದುರಿಗೆ ಲಾರಿ ಬರುವವರೆಗೂ ಗೊತ್ತಾಗುವುದಿಲ್ಲ. ಪೆಟ್ರೋಲ್ ಬಂಕಿನಿಂದ ಹೊರಬರುವಾಗಲೂ ಹೀಗೆಯೇ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿಗೂ ಬಾಯಿಬಿಟ್ಟು ‘ಬಲ ಹಿಡಿ’ ಎನ್ನಲಿ. ವೃತ್ತ ಅಪ್ರದಕ್ಷಿಣವಾಗಿ ಸುತ್ತುತ್ತದೆ, ಗಾಡಿಗಳು ಎಡದಿಂದ ಬರುತ್ತವೆ.

ಎರಡನೆಯ ತಪ್ಪು, ಬಲಕ್ಕೆ ವಾಲುವುದು. ನಮಗೆ ಕಾರಿನ ಮೈ ಎಡಕ್ಕೆ ಚಾಚಿರುವುದು ಅಭ್ಯಾಸ; ಅಲ್ಲಿ ಬಲಕ್ಕೆ ಚಾಚಿರುತ್ತದೆ. ಕಲ್ಲುಗೋಡೆಯ ಓಣಿಗಳಲ್ಲಿ ಬಲಗನ್ನಡಿ, ಬಲಗಡೆಯ ರಿಮ್ಮು ಉಜ್ಜಿಹೋಗುವುದು ಇದರಿಂದಲೇ. ಬಲಗನ್ನಡಿಯಲ್ಲಿ ರಸ್ತೆಯಂಚಿನ ಬಿಳಿಗೆರೆ ಎಷ್ಟು ದೂರವಿದೆ ಎಂದು ಮೊದಲ ದಿನ ಆಗಾಗ ನೋಡುತ್ತಿರಿ.

ಬೆಟ್ಟದ ರಸ್ತೆಗೆ ಚಾಮುಂಡಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಹತ್ತಿಳಿದ ಅನುಭವ ಸಾಕು, ಇಳಿಯುವಾಗ ಎರಡನೇ ಗೇರಿನಲ್ಲಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕ್ರೀಟ್‌ನ ಉತ್ತರ ಕರಾವಳಿಯ ಹೆದ್ದಾರಿಯಲ್ಲಿ ಹೆರಾಕ್ಲಿಯನ್‌ನಿಂದ ಹಾನಿಯಾಗೆ ಸುಮಾರು 140 ಕಿ.ಮೀ., ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿ ನಿಧಾನ ಹೋಗುವವರು ಅಂಚಿನ ಪಟ್ಟಿಗೆ ಸರಿದು ಹಿಂದಿನವರಿಗೆ ದಾರಿ ಬಿಡುವುದು ವಾಡಿಕೆ, ಆದರೆ ತಿರುವಿನಾಚೆ ಅದೇ ಪಟ್ಟಿಯಲ್ಲಿ ಗಾಡಿ ಕೆಟ್ಟು ನಿಂತಿರಬಹುದು. ದಾರಿ ಪೂರ್ತಿ ಕಾಣುವಾಗ ಮಾತ್ರ ಸರಿಯಿರಿ. ಬಾಲೋಸ್ ಕಡಲತೀರಕ್ಕೆ ಸುಮಾರು 8 ಕಿ.ಮೀ. ಮಣ್ಣು–ಕಲ್ಲಿನ ದಾರಿ, ಟೈರು, ತಳಭಾಗ ಹಾಳಾದರೆ ವಿಮೆ ಕೊಡುವುದಿಲ್ಲ. ಕಿಸ್ಸಮೋಸ್ ಬಂದರಿನಿಂದ ದೋಣಿಯಿದೆ, ಅದರಲ್ಲಿ ಹೋಗಿ.

ಸಿಸಿಲಿ, ಸಾರ್ಡೀನಿಯಾದ ಹಳೆ ಪೇಟೆಗಳಲ್ಲಿ ಜಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿವೆ, ಒಳಹೊಕ್ಕ ಕಾರಿನ ನಂಬರನ್ನು ಕ್ಯಾಮೆರಾ ಹಿಡಿಯುತ್ತದೆ. ಫಲಕದಲ್ಲಿ ‘ವಾರ್ಕೊ ಅತ್ತೀವೊ’ ಎಂದಿದ್ದರೆ ದ್ವಾರ ತೆರೆದಿದೆ ಎಂದಲ್ಲ, ನಿರ್ಬಂಧ ಜಾರಿಯಲ್ಲಿದೆ ಎಂದರ್ಥ. ದಂಡದ ಕಾಗದ ತಿಂಗಳುಗಳ ನಂತರ ಬರುತ್ತದೆ. ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಬೇರೆ ಶುಲ್ಕ ಕಡಿಯುತ್ತದೆ. ಹೋಟೆಲು ವಲಯದೊಳಗೇ ಇದ್ದರೆ ಕಾರಿನ ನಂಬರನ್ನು ಮೊದಲೇ ಅವರಿಗೆ ಕೊಟ್ಟು, ನೋಂದಾಯಿಸಲು ಹೇಳಿ.

‘ಫುಲ್ ಟು ಫುಲ್’, ಅಂದರೆ ತುಂಬಿದ ಟ್ಯಾಂಕಿನಲ್ಲಿ ಪಡೆದು ತುಂಬಿಸಿಯೇ ಹಿಂದಿರುಗಿಸುವ ಇಂಧನ ಕರಾರನ್ನೇ ಆರಿಸಿ. ಡೀಸೆಲ್ಲೋ ಪೆಟ್ರೋಲೋ ಎಂಬುದು ಟ್ಯಾಂಕಿನ ಮುಚ್ಚಳದ ಹತ್ತಿರ ಬರೆದಿರುತ್ತದೆ; ತಪ್ಪು ಇಂಧನ ಬಿದ್ದರೆ ಕಾರು ಸ್ಟಾರ್ಟ್ ಮಾಡದೆ ಕಂಪನಿಗೆ ಫೋನ್ ಮಾಡಿ. ಅಪಘಾತವಾದರೆ 112, ಪೊಲೀಸ್ ವರದಿ ಇಲ್ಲದೆ ಸಾಮಾನ್ಯವಾಗಿ ವಿಮೆ ನಡೆಯದು. ವಾಪಸು ಕೊಡುವಾಗ ವಿಮಾನ ನಿಲ್ದಾಣದ ಹತ್ತಿರವೇ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ಸೀಟಿನ ಮರಳು ಕೊಡವಿ, ಸಿಬ್ಬಂದಿಯ ಎದುರಲ್ಲೇ ಮತ್ತೊಂದು ಸುತ್ತು ವೀಡಿಯೊ ತೆಗೆಯಿರಿ. ತಡೆಹಿಡಿದ ಠೇವಣಿ ಕಾರ್ಡಿಗೆ ಮರಳುವವರೆಗೂ ಆ ವೀಡಿಯೊ, ರಸೀದಿ, ಕರಾರುಪತ್ರ ಯಾವುದನ್ನೂ ಅಳಿಸಬೇಡಿ, ಎಸೆಯಬೇಡಿ.