ಯಂತ್ರದ ಬೆಲೆ ಗೊತ್ತು, ಬೆಲೆಬಾಳುತ್ತಾ? ಆಸ್ಪತ್ರೆ ಸಿಬ್ಬಂದಿಗೆ ಹೀಗೆ ಕಲಿಸಿ

ಆಸ್ಪತ್ರೆಗೆ ಹೊಸ ಯಂತ್ರ ಬಂದರೆ ಅದನ್ನು ನಡೆಸುವುದು ಹೇಗೆ ಅಂತ ತೋರಿಸಿಕೊಡುತ್ತಾರೆ. ಅದು ನಮಗೆ ಬೇಕಾ ಅಂತ ತೂಗಿ ನೋಡುವುದನ್ನೂ ಕಲಿಸಬೇಕು, ಅಲ್ವಾ? ಈ ಕೆಲಸಕ್ಕೆ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ಎಂದು ಹೆಸರು. ದೇಶದ ಮಟ್ಟದಲ್ಲಿ ಇದನ್ನು ಮಾಡಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಲ್ಲಿ ಎಚ್‌ಟಿಎಇನ್ (ಹೆಲ್ತ್ ಟೆಕ್ನಾಲಜಿ ಅಸೆಸ್‌ಮೆಂಟ್ ಇನ್ ಇಂಡಿಯಾ) ಎಂಬ ವ್ಯವಸ್ಥೆ ಶುರುವಾಯಿತು. ಇದರ ತಿರುಳನ್ನು ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ನರ್ಸ್, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ಒಂದು ದಿನದಲ್ಲಿ ಕಲಿಸಬಹುದು.

ಮೊದಲಿಗೆ, ಅವರು ದಿನವೂ ಮುಟ್ಟುವ ಒಂದು ವಸ್ತುವನ್ನು ಆರಿಸಿ. ಹಿಮೋಗ್ಲೋಬಿನ್ ಪರೀಕ್ಷೆ ಒಳ್ಳೆಯ ಉದಾಹರಣೆ. ಇದಕ್ಕೆ ಎರಡು ದಾರಿ. ಹಳೆಯ ಸಾಹ್ಲಿ ವಿಧಾನದಲ್ಲಿ ರಕ್ತವನ್ನು ಆಮ್ಲಕ್ಕೆ ಹಾಕಿ, ಸುಮಾರು ಹತ್ತು ನಿಮಿಷ ಕಾದು, ಹನಿ ಹನಿಯಾಗಿ ನೀರು ಬೆರೆಸಿ, ಬಣ್ಣವನ್ನು ಮಾದರಿ ಬಣ್ಣಕ್ಕೆ ಕಣ್ಣಳತೆಯಲ್ಲೇ ಹೊಂದಿಸಬೇಕು. ಡಿಜಿಟಲ್ ಮೀಟರಿನ ಸ್ಟ್ರಿಪ್‌ಗೆ ಒಂದು ಹನಿ ರಕ್ತ ಹಾಕಿದರೆ ಬೇಗನೆ ಅಂಕಿ ಬರುತ್ತದೆ.

ಆಮೇಲೆ ನಾಲ್ಕು ಪ್ರಶ್ನೆ ಬರೆಸಿ. ಯಾರಿಗೆ? ಯಾವ ಸಾಧನ? ಯಾವುದಕ್ಕೆ ಹೋಲಿಸಿದರೆ? ಅದರಿಂದ ಏನಾಗಬೇಕು? ಮೂರನೆಯದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ‘ಮೀಟರ್ ಚೆನ್ನಾಗಿದೆ’ ಎಂದರೆ ಸಾಲದು. ಸಾಹ್ಲಿಗಿಂತ ಎಷ್ಟು ಚೆನ್ನಾಗಿದೆ ಅಂತ ಕೇಳಿ.

ಮುಂದಿನದು ಲೆಕ್ಕ. ಇದಕ್ಕೆ ಅರ್ಧ ದಿನವನ್ನೇ ಕೊಡಿ. ಕಲಿಯಲು ಒಂದು ಕಾಲ್ಪನಿಕ ಲೆಕ್ಕ ಇಟ್ಟುಕೊಳ್ಳೋಣ. ಮೀಟರ್ 15,000 ರೂಪಾಯಿ, ಐದು ವರ್ಷ ಬಾಳಿಕೆ. ಅಂದರೆ ವರ್ಷಕ್ಕೆ 3,000. ವರ್ಷಕ್ಕೆ 2,000 ಪರೀಕ್ಷೆ ಆದರೆ, ಪರೀಕ್ಷೆಗೆ ಯಂತ್ರದ ಪಾಲು ಒಂದೂವರೆ ರೂಪಾಯಿ ಮಾತ್ರ. ಸ್ಟ್ರಿಪ್ 20 ರೂಪಾಯಿ ಆದರೆ ವರ್ಷಕ್ಕೆ 40,000! ದುಡ್ಡು ಹೋಗುವುದು ಸ್ಟ್ರಿಪ್‌ಗೆ. ಟೆಂಡರಿನಲ್ಲಿ ಮೀಟರಿನ ಬೆಲೆಯನ್ನಷ್ಟೇ ನೋಡುವವರಿಗೆ ಇದು ಕಣ್ಣು ತೆರೆಸುವ ಘಳಿಗೆ.

ಸಾಹ್ಲಿ ಪರೀಕ್ಷೆಗೆ 6 ರೂಪಾಯಿ ಎಂದುಕೊಳ್ಳಿ. ಆಗ ಮೀಟರಿಗೆ ವರ್ಷಕ್ಕೆ 31,000 ಹೆಚ್ಚು ಬೇಕು. ಅದರಿಂದ ರಕ್ತಹೀನತೆ ಇರುವ ಇನ್ನೂ 40 ಗರ್ಭಿಣಿಯರು ಸಿಕ್ಕರೆ, ಒಬ್ಬೊಬ್ಬರನ್ನು ಪತ್ತೆ ಹಚ್ಚಲು ತಗುಲಿದ್ದು 775 ರೂಪಾಯಿ. ಈಗ ಕೇಳಿ: ಇದು ಜಾಸ್ತಿಯಾಯಿತಾ? ಗರ್ಭಿಣಿಯ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 7 ಗ್ರಾಂಗಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ. ಅದು ಹೆರಿಗೆಯ ಹೊತ್ತಿಗೆ ಗೊತ್ತಾದರೆ ಏನಾಗುತ್ತದೆ ಅಂತ ಹೆರಿಗೆ ವಾರ್ಡಿನ ನರ್ಸ್‌ಗಳು ಬಲ್ಲರು. ಅವರನ್ನೇ ಮಾತಾಡಲು ಬಿಡಿ.

ಆಸ್ಪತ್ರೆಯ ಖರ್ಚಿಗೇ ನಿಲ್ಲಿಸಬೇಡಿ. ಎಚ್.ಡಿ. ಕೋಟೆಯ ಹಾಡಿಯಿಂದ ಪರೀಕ್ಷೆಗೆ ಬರುವ ಹೆಣ್ಣುಮಗಳು ಆ ದಿನದ ಕೂಲಿ ಕಳೆದುಕೊಳ್ಳುತ್ತಾಳೆ, ಬಸ್ಸಿಗೆ ಕಾಯುತ್ತಾಳೆ. ಮೀಟರ್ ಅವಳ ಮನೆ ಬಾಗಿಲಿಗೇ ಹೋಗುವುದಾದರೆ ಆ ಉಳಿತಾಯವನ್ನೂ ಬರೆಯಬೇಕು. ಸ್ಟ್ರಿಪ್ ಖಾಲಿಯಾದರೆ, ಅವಧಿ ಮೀರಿದರೆ ಏನು ಗತಿ ಎಂಬುದನ್ನೂ ಬರೆಸಿ. ಲೆಕ್ಕದ ಹಾಳೆಯಲ್ಲಿ ಬಿಟ್ಟುಹೋದ ಖರ್ಚನ್ನು ಕೊನೆಗೆ ಹೊರುವುದು ಬಡವರೇ.

ಬದುಕಿದ ವರ್ಷಗಳನ್ನು ಆರೋಗ್ಯದ ಗುಣಮಟ್ಟದ ಜೊತೆ ಸೇರಿಸಿ ಎಣಿಸುವ ಕ್ವಾಲಿ (QALY) ಎಂಬ ಅಳತೆಯನ್ನು ಚಿಕ್ಕದಾಗಿ ಹೇಳಿದರೆ ಸಾಕು. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಅರ್ಧ ಗುಣಮಟ್ಟದಲ್ಲಿ ಕಳೆದ ವರ್ಷಕ್ಕೆ 0.5. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ ಎಂಬ ಐದು ಪ್ರಶ್ನೆಗಳಿಂದ ಈ ಗುಣಮಟ್ಟವನ್ನು ಅಳೆಯುವ ಇಕ್ಯೂ-5ಡಿ (EQ-5D) ಹಾಳೆಯನ್ನು ಸಿಬ್ಬಂದಿ ತಾವೇ ತುಂಬಿದರೆ ಬೇಗ ಅರ್ಥವಾಗುತ್ತದೆ.

ಕಂಪನಿ ಪ್ರತಿನಿಧಿಯಿಂದ ಈ ಪಾಠ ಮಾಡಿಸಲೇಬೇಡಿ. ಮೀಟರ್ ಮಾರುವವರು ಅದನ್ನು ತೂಗುವವರಾಗಬಾರದು.

ತರಗತಿ ಮುಗಿದ ಮೇಲೆ ಎಲ್ಲರೂ ತಮ್ಮ ಆಸ್ಪತ್ರೆಯ ಸ್ಟಾಕ್ ರಿಜಿಸ್ಟರ್ ತೆಗೆದು, ಕಾಲ್ಪನಿಕ ಅಂಕಿಗಳ ಜಾಗಕ್ಕೆ ನಿಜವಾದವನ್ನು ಹಾಕಲಿ. ಎರಡು ವಾರ ಬಿಟ್ಟು ಮತ್ತೆ ಸೇರಿಸಿ, ಒಬ್ಬರ ಹಾಳೆಯನ್ನು ಇನ್ನೊಬ್ಬರಿಂದ ತಿದ್ದಿಸಿ. ತಿದ್ದಿದ ಹಾಳೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ, ಖರೀದಿಯ ಪಟ್ಟಿಯ ಜೊತೆಯಲ್ಲೇ ಹೋಗಲಿ.